ಬೇಲಿಯೇ ಹೊಲ ಮೇಯ್ದಾಗ: ಲಂಟಾನ ಕಿತ್ತ ನನ್ನ ಅನುಭವ



ನಾನು ಓದಿರುವುದು ಏಳನೇ ಕ್ಲಾಸು. ವಯಸ್ಸು ಐವತ್ತೈದು ಆಯಿತು. ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸಾಲಿನ ತಪ್ಪಲಲ್ಲಿ ನಮಗೆ ಮೂರೂವರೆ ಎಕರೆ ಖುಷ್ಕಿ ಜಮೀನಿದೆ. ಬೋರ್‌ವೆಲ್ ಇಲ್ಲ. ಮಳೆ ಬಂದರೆ ರಾಗಿ, ಜೊತೆಗೆ ಅವರೆ, ಅಂಚಿನಲ್ಲಿ ನಾಲ್ಕು ಸಾಲು ಹರಳು, ಹಿಂಗಾರಿಗೆ ಹುರುಳಿ. ಇಷ್ಟೇ ನಮ್ಮ ಬೇಸಾಯ. ಈ ಪತ್ರಿಕೆಯಲ್ಲಿ ಎಲ್ಲರೂ ತಾವು ಬೆಳೆದದ್ದನ್ನು ಬರೆಯುತ್ತಾರೆ. ನಾನು ಕಿತ್ತದ್ದನ್ನು ಬರೆಯುತ್ತಿದ್ದೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಯಾವ ಗಿಡ ಇದು?

ನಮ್ಮ ಕಡೆ ಇದನ್ನು ರೋಜದ ಗಿಡ ಅಂತಾರೆ. ಪುಸ್ತಕದ ಹೆಸರು ಲಂಟಾನ. ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರಿದೆ. ಹೆಸರು ಯಾವುದಾದರೂ ಗಿಡ ನೋಡದವರು ಯಾರೂ ಇಲ್ಲ. ಎಲೆ ಒರಟು, ಉಜ್ಜಿದರೆ ಕಟು ವಾಸನೆ. ಕಾಂಡ ನಾಲ್ಕು ಮೂಲೆಯದು, ಅದರ ತುಂಬಾ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಹೂವು ಪುಟ್ಟ ಪುಟ್ಟದು, ಗೊಂಚಲಾಗಿ ಬಿಡುತ್ತದೆ. ನಡುವೆ ಹಳದಿ, ಸುತ್ತ ಕೆಂಪು ಅಥವಾ ಗುಲಾಬಿ. ನಾನು ಬಹಳ ಕಾಲ ಇವು ಎರಡು ಜಾತಿ ಹೂವು ಅಂದುಕೊಂಡಿದ್ದೆ. ಅಲ್ಲ. ಹೊಸದಾಗಿ ಅರಳಿದ್ದು ಹಳದಿ, ಹಳೆಯದಾದ ಹಾಗೆ ಬಣ್ಣ ತಿರುಗುತ್ತದೆ. ನಿಂತು ನೋಡಿದರೆ ಚಿಟ್ಟೆಗಳು ಹಳದಿ ಹೂವನ್ನೇ ಹುಡುಕಿಕೊಂಡು ಹೋಗುತ್ತವೆ. ಮಕರಂದ ಇರುವುದು ಅದರಲ್ಲಿ.

ಇದು ನಮ್ಮ ದೇಶದ ಗಿಡ ಅಲ್ಲ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 1800ರ ನಂತರದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಹೂವಿನ ಚಂದಕ್ಕಾಗಿ ಇದನ್ನು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಅಂಗಳದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಬಂತು. ಸಸ್ಯ ಓದಿದವರು ಇದನ್ನು ವರ್ಬಿನೇಸಿ ಅನ್ನುವ ಕುಟುಂಬಕ್ಕೆ ಸೇರಿಸುತ್ತಾರೆ. ಪೇಟೆಯವರು ಕುಂಡದಲ್ಲಿ ಬೆಳೆಸುವ ವರ್ಬಿನಾ ಹೂವು ಇದರ ದಾಯಾದಿ. ನಮ್ಮ ಕೆರೆಯಂಗಳದಲ್ಲಿ ನೆಲಕ್ಕೆ ಹಬ್ಬುವ ನೆಲಹಿಪ್ಪಲಿಯೂ ಇದೇ ಕುಟುಂಬದ್ದು. ಅವೆರಡೂ ಯಾರಿಗೂ ತೊಂದರೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಇದು ಮಾತ್ರ ಮನೆ ಹಾಳು ಮಾಡುವ ದಾಯಾದಿ.

ಎಲ್ಲೆಲ್ಲಿ ಬೆಳೆಯುತ್ತದೆ

ಬಿಸಿಲು ಬೀಳುವ ಕಡೆಯೆಲ್ಲ ಬೆಳೆಯುತ್ತದೆ. ರಸ್ತೆ ಅಂಚು, ಬದು, ಖರಾಬು, ಗೋಮಾಳ, ಕಲ್ಲುಗುಡ್ಡೆ, ಕಾಡಿನಂಚು ಎಲ್ಲವೂ ಅದಕ್ಕೆ ಒಗ್ಗುತ್ತವೆ. ಕಲ್ಲು ನೆಲವಾದರೂ ಸರಿ, ಮಳೆ ಕಮ್ಮಿಯಾದರೂ ಸರಿ. ದಟ್ಟ ನೆರಳಿನಲ್ಲಿ ಮಾತ್ರ ಸೊರಗುತ್ತದೆ. ನೀರು ನಿಲ್ಲುವ ಜಾಗದಲ್ಲಿ ಬರುವುದಿಲ್ಲ. ಉತ್ತು ಬಿತ್ತುವ ಹೊಲದಲ್ಲಿಯೂ ನಿಲ್ಲುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ನೇಗಿಲು ಆಡುವ ತನಕ ಇದು ಬದುವಿನಲ್ಲೇ ಕಾದು ಕೂತಿರುತ್ತದೆ. ನಾವು ಎರಡು ವರ್ಷ ಬೀಳು ಬಿಟ್ಟರೆ ಒಳಗೆ ಬರುತ್ತದೆ.

ಹರಡುವ ದಾರಿ ಎರಡು. ಒಂದು, ಹಣ್ಣು. ಹಸಿರು ಕಾಯಿ ಮಾಗಿ ಕಪ್ಪಗಾದರೆ ಪಿಕಳಾರ, ಗೊರವಂಕ ಹಕ್ಕಿಗಳಿಗೆ ಹಬ್ಬ. ತಿಂದು ಹೋಗಿ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಅದಕ್ಕೇ ಹೊಂಗೆ, ಬೇವಿನ ಮರದ ಬುಡದಲ್ಲಿ ಸಸಿಗಳು ಮೊದಲು ಕಾಣುವುದು. ಚೆನ್ನಾಗಿ ಬೆಳೆದ ಒಂದು ಗಿಡ ವರ್ಷಕ್ಕೆ ಸಾವಿರಾರು ಹಣ್ಣು ಬಿಡುತ್ತದೆ. ಎರಡನೆಯದು ರೆಂಬೆ. ಬಾಗಿ ನೆಲ ಮುಟ್ಟಿದ ಕಡೆ ಗಿಣ್ಣಿನಲ್ಲಿ ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ.

ನಮ್ಮ ಹೊಲಕ್ಕೆ ಬಂದದ್ದು

ನಮ್ಮ ಅಪ್ಪ ಇದನ್ನು ಬೇಲಿಗೆ ಅಂತ ತಾನೇ ಕಡ್ಡಿ ಊರಿದ್ದು. ಮೇಕೆ ಮುಟ್ಟಲ್ಲ, ನೀರು ಬೇಡ, ಕಾಸು ಬೇಡ. ಆ ಕಾಲಕ್ಕೆ ಒಳ್ಳೆಯ ಬೇಲಿಯೇ ಆಗಿತ್ತು. ಅಪ್ಪ ವರ್ಷ ವರ್ಷ ಮಚ್ಚು ಹಿಡಿದು ಸವರುತ್ತಿದ್ದರು. ಕಾಯಿ ಆಗಲು ಬಿಡುತ್ತಿರಲಿಲ್ಲ. 1998ರಲ್ಲಿ ಅವರು ತೀರಿಕೊಂಡರು. 2001ರಿಂದ ಮೂರು ವರ್ಷ ರಾಜ್ಯಕ್ಕೆಲ್ಲ ಬರ ಬಿತ್ತು. 2003ರಲ್ಲಿ ನಾನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದೆ. ಅವ್ವ ಒಬ್ಬಳೇ ಊರಲ್ಲಿ ಉಳಿದು ಮನೆ ಹತ್ತಿರದ ಎರಡು ಎಕರೆ ಹೇಗೋ ನೋಡಿಕೊಂಡಳು. ಬೆಟ್ಟದ ಕಡೆಯ ಒಂದೂವರೆ ಎಕರೆ ಬೀಳು ಬಿತ್ತು.

2009ರಲ್ಲಿ ವಾಪಸ್ ಬಂದು ನೋಡಿದರೆ ಆ ಒಂದೂವರೆ ಎಕರೆಯಲ್ಲಿ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಆಳೆತ್ತರ ರೋಜ. ಒಳಗೆ ಹಂದಿ ಮರಿ ಹಾಕಿಕೊಂಡು ಬಿಡಾರ ಮಾಡಿತ್ತು. ರಾತ್ರಿ ಹೊರಟು ಉಳಿದ ಎರಡು ಎಕರೆಯ ರಾಗಿಯನ್ನೂ ಮೇಯುತ್ತಿತ್ತು. ಬೇಲಿ ಎದ್ದು ಹೊಲ ಮೇಯ್ದಂಗೆ ಅಂತ ಗಾದೆ ಮಾತು ಕೇಳಿದ್ದೆ. ಕಣ್ಣಾರೆ ನೋಡಿದ್ದು ಆವಾಗಲೇ.

ಮೂರು ಸಾರಿ ತಪ್ಪು ಮಾಡಿದೆ

ಮೊದಲನೇ ತಪ್ಪು ಬೆಂಕಿ. 2010ರ ಬೇಸಿಗೆಯಲ್ಲಿ ಹಚ್ಚಿದೆ. ಹಸಿ ಗಿಡವೂ ಸೀಮೆಎಣ್ಣೆ ಹಾಕಿದ ಹಾಗೆ ಉರಿಯಿತು. ಗಾಳಿ ತಿರುಗಿ ಪಕ್ಕದ ಹೊಲದ ಹುಲ್ಲಿನ ಮೆದೆಗೆ ಕಿಡಿ ಹಾರಿತು. ಊರವರು ಓಡಿ ಬಂದು ಸೊಪ್ಪು ಬಡಿದು ಆರಿಸಿದರು. ಕಾಡಿನಂಚಿನಲ್ಲಿ ಬೆಂಕಿ ಹಚ್ಚುವುದು ಕಾನೂನಿಗೂ ತಪ್ಪು, ಧರ್ಮಕ್ಕೂ ತಪ್ಪು. ಇಷ್ಟೆಲ್ಲ ಆಗಿ ಒಂದು ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರಿತು.

ಎರಡನೇ ತಪ್ಪು ಮಚ್ಚು. 2012ರಲ್ಲಿ ಆಳು ಕರೆದು ನೆಲಮಟ್ಟಕ್ಕೆ ಕಡಿಸಿದೆ. ಒಂದು ಕಾಂಡ ಕಡಿದ ಕಡೆ ಐದಾರು ಕಾಂಡ ಎದ್ದವು. ಕೂಲಿ ಕೊಟ್ಟು ಗಿಡಕ್ಕೆ ಕ್ಷೌರ ಮಾಡಿಸಿದಂತಾಯಿತು.

ಮೂರನೇ ತಪ್ಪು ಜೆಸಿಬಿ. 2014ರಲ್ಲಿ ನಾಲ್ಕು ಗಂಟೆ ಹೊಡೆಸಿದೆ. ಗಿಡದ ಜೊತೆ ಒಂದು ಗೇಣು ಮೇಲ್ಮಣ್ಣನ್ನೂ ಬಾಚಿ ಅಂಚಿಗೆ ತಳ್ಳಿತು. ನಮ್ಮದು ಮೊದಲೇ ತೆಳು ಮಣ್ಣು. ತುಂಡಾದ ಬುಡಗಳು ಮಣ್ಣಲ್ಲೇ ಉಳಿದು ಚಿಗುರಿದವು. ಒಳಗಿದ್ದ ಬೀಜ ಮೇಲೆ ಬಂದು ರಾಗಿ ಚೆಲ್ಲಿದ ಹಾಗೆ ಹುಟ್ಟಿತು. ಅಲ್ಲಿಗೆ ಸಾಕಪ್ಪಾ ಸಾಕು ಅಂತ ಕೈ ಬಿಟ್ಟೆ.

ಹಸು ಹೋಯಿತು

ಕೈ ಬಿಟ್ಟದ್ದಕ್ಕೆ ತೆತ್ತ ದಂಡ ಇದು. 2016ರಲ್ಲಿ ಮತ್ತೆ ಬರ. ನನ್ನ ಹೆಂಡತಿ ಸ್ವಸಹಾಯ ಸಂಘದಲ್ಲಿ ನಲವತ್ತೈದು ಸಾವಿರ ಸಾಲ ಎತ್ತಿ ಒಂದು ಎಚ್ಚೆಫ್ ಹಸು ತಂದಿದ್ದಳು. ಕರಿ ಬಿಳಿ ಮಚ್ಚೆಯದು. ಹೊತ್ತಿಗೆ ಆರು ಲೀಟರ್ ಕೊಡುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಒಣ ಹುಲ್ಲು ಮುಗಿದಿತ್ತು. ನಮ್ಮ ನಾಟಿ ದನದ ಜೊತೆ ಅದನ್ನೂ ಬೆಟ್ಟದ ಕಡೆ ಮೇಯಲು ಬಿಟ್ಟೆ. ನಾಟಿ ದನ ಹುಟ್ಟಿದಾಗಿನಿಂದ ಈ ಗಿಡ ನೋಡಿವೆ, ಮೂತಿ ತಿರುಗಿಸಿಕೊಂಡು ಹೋಗುತ್ತವೆ. ಪೇಟೆ ಕಡೆಯಿಂದ ಬಂದ ಹಸುವಿಗೆ ಏನು ಗೊತ್ತು? ಹಸಿದ ಹೊಟ್ಟೆ, ಸುತ್ತ ಹಸಿರಾಗಿರುವುದು ಇದೊಂದೇ. ತಿಂದಿತು.

ಮಾರನೇ ದಿನ ಮೇವು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಸೆಗಣಿ ಗಟ್ಟಿಯಾಗಿ ಆಮೇಲೆ ಅದೂ ಕಟ್ಟಿತು. ನಾನು ಜ್ವರ ಇರಬೇಕು ಅಂತ ಮೆಣಸು, ಬೆಳ್ಳುಳ್ಳಿ ಅರೆದು ಕುಡಿಸಿ ಬಿಸಿಲಿನಲ್ಲೇ ಕಟ್ಟಿದೆ. ಎರಡು ದಿನ ಹಾಗೇ ಕಳೆದೆ. ಮೂರನೇ ದಿನ ಮೂತಿಯ ಚರ್ಮ ಒಡೆದು, ಬಿಳಿ ಮಚ್ಚೆ ಇರುವ ಕಡೆಯೆಲ್ಲ ಸುಟ್ಟ ಹಾಗೆ ಕೆಂಪಾಯಿತು. ಕರಿ ಮಚ್ಚೆಯ ಕಡೆ ಏನೂ ಇಲ್ಲ. ಆಗ ಪಶು ಡಾಕ್ಟರನ್ನು ಕರೆದೆ. ಅವರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಅರಿಶಿನ ಬಣ್ಣ. "ಎಲ್ಲಿ ಮೇಯಿಸಿದ್ರಿ ಇದನ್ನ?" ಅಂತ ಕೇಳಿದ್ದೇ ಮೊದಲ ಮಾತು.

ಅವರು ಹೇಳಿದ್ದು ಇಷ್ಟು. ಈ ಎಲೆಯಲ್ಲಿ ಲಂಟಾಡೀನ್ ಅನ್ನುವ ವಿಷ ಇದೆ. ಅದು ಈಲಿಗೆ, ಅಂದರೆ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ. ಪಿತ್ತ ಹೊರಗೆ ಹೋಗದೆ ಕಾಮಾಲೆ ಆಗುತ್ತದೆ. ಹಸಿರು ಮೇವಿನಿಂದ ಹುಟ್ಟುವ ಒಂದು ಅಂಶ ಪಿತ್ತದ ಜೊತೆ ಹೊರಗೆ ಹೋಗಬೇಕಾದ್ದು ರಕ್ತದಲ್ಲೇ ಉಳಿದು, ಬಿಸಿಲು ಬಿದ್ದ ಬಿಳಿ ಚರ್ಮವನ್ನು ಸುಡುತ್ತದೆ. ದೊಡ್ಡ ಹೊಟ್ಟೆ ಕೆಲಸ ನಿಲ್ಲಿಸುವುದರಿಂದ ತಿಂದ ಸೊಪ್ಪು ಅಲ್ಲೇ ಕೂತು ದಿನಾ ವಿಷ ಬಿಡುತ್ತಾ ಇರುತ್ತದೆ. ಔಷಧಿಯ ಇದ್ದಿಲು ಪುಡಿಯನ್ನು ನೀರಲ್ಲಿ ಕಲಸಿ ಬೇಗ ಹೊಟ್ಟೆಗೆ ಇಳಿಸಿದರೆ ಅದು ವಿಷವನ್ನು ಹಿಡಿದುಕೊಳ್ಳುತ್ತದೆ. ಮೊದಲ ದಿನವೇ ನೆರಳಲ್ಲಿ ಕಟ್ಟಿ ಕರೆದಿದ್ದರೆ ಉಳಿಯುವ ಅವಕಾಶ ಹೆಚ್ಚಿತ್ತು ಅಂದರು. ಇದ್ದಿಲು ಕೊಟ್ಟರು, ಬಾಟಲಿ ಏರಿಸಿದರು. ಒಂಬತ್ತನೇ ದಿನ ಹಸು ಸತ್ತಿತು.

ವಿಮೆ ಮಾಡಿಸಿರಲಿಲ್ಲ. ಅದೂ ನನ್ನದೇ ಸೋಮಾರಿತನ. ಸಂಘದ ಕಂತನ್ನು ನನ್ನ ಹೆಂಡತಿ ಎರಡು ವರ್ಷ ಕೂಲಿ ಮಾಡಿ ಕಟ್ಟಿದಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಜ್ಜ ಹೇಳಿದ ಮಾತು

ಆ ವರ್ಷ ಮಳೆ ಶುರುವಾದ ಮೇಲೆ, ಬೆಟ್ಟದ ಪೋಡಿನ ಸೋಲಿಗರ ಅಜ್ಜ ಒಬ್ಬರು ನಮ್ಮ ಹೊಲದ ದಾರಿಯಲ್ಲಿ ಬಂದರು. ನಾನು ಮಚ್ಚು ಹಿಡಿದು ಮತ್ತೆ ಸವರುತ್ತಿದ್ದೆ. ನಿಂತು ನೋಡಿ ನಕ್ಕರು. "ತಲ ಕುಯ್ದ್ರ ಅದು ಸಾಯಲ್ಲ ಕಣಪ್ಪ. ಅದ್ರ ಜೀವ ಬುಡ್ದಲ್ಲಿ ಅದ" ಅಂದರು. "ಹಂಗಾದ್ರ ಪೂರ್ತಿ ಬೇರು ಕೀಳ್ಬೇಕಾ ತಾತ?" ಅಂದೆ. "ಪೂರ್ತಿ ಯಾಕ? ಮಣ್ಣೊಳಗ ನಾಕು ಬೆಳ್ಳು ಇಳ್ದು ಕತ್ತು ಕುಯ್ಯಿ, ಸಾಕು" ಅಂದರು.

ಅಮೇಲೆ ಕೃಷಿ ಮೇಳಕ್ಕೆ ಹೋದಾಗ ಒಬ್ಬ ಅಧಿಕಾರಿ ಹತ್ತಿರ ಇದೇ ಮಾತು ಹೇಳಿದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರ ಕಡೆಯವರು ಇದೇ ರೀತಿಯನ್ನು ಉತ್ತರದ ಕಾಡುಗಳಲ್ಲಿ ಮಾಡಿ ತೋರಿಸಿದ್ದಾರೆ ಅಂತ ಅವರು ವಿವರಿಸಿದರು. ಗಿಡ ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ತಾಯಿಬೇರು ಸೇರುವ ಗಂಟಿನಲ್ಲಿ. ಆ ಗಂಟಿನ ಕೆಳಗೆ ಕತ್ತರಿಸಿದರೆ ಕೆಳಗಿನ ಬೇರು ಮತ್ತೆ ಚಿಗುರುವುದಿಲ್ಲ.

ನಾನು ಮಾಡಿದ ಕ್ರಮ

1. ಎರಡು ಹದ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ಕಾಯಿ ಮಾಗುವ ಮೊದಲು ಕೆಲಸ ಶುರು ಮಾಡಬೇಕು. ಕಾಯಿ ಆಗಿದ್ದರೆ ಮೊದಲು ಆ ತುದಿಗಳನ್ನು ಚೀಲಕ್ಕೆ ಕೊಯ್ದುಕೊಳ್ಳಬೇಕು.

2. ಉದ್ದ ಹಿಡಿಯ ಕುಡುಗೋಲಿನಿಂದ ಸುತ್ತಲಿನ ರೆಂಬೆ ಸವರಿ ಬುಡ ಕಾಣುವ ಹಾಗೆ ಮಾಡಿಕೊಳ್ಳಬೇಕು. ಕೈಗೆ ದಪ್ಪ ಗೋಣಿ ಸುತ್ತಿಕೊಳ್ಳಿ. ಒಳಗೆ ಹಾವು ಇರುತ್ತದೆ, ಮೊದಲು ಕೋಲಿನಿಂದ ಬಡಿದು ಸದ್ದು ಮಾಡಿ.

3. ಬುಡದ ಮಣ್ಣು ಬಿಡಿಸಿ, ನೆಲದಿಂದ ಮೂರು ನಾಲ್ಕು ಅಂಗುಲ ಕೆಳಗೆ ತಾಯಿಬೇರನ್ನು ಪಿಕಾಸಿಯ ಅಗಲ ಬಾಯಿಯಿಂದ ಕತ್ತರಿಸಬೇಕು. ಗಂಟು ಗಿಡದ ಜೊತೆ ಮೇಲೆ ಬರಬೇಕು.

4. ಕಿತ್ತ ಗಿಡವನ್ನು ತಲೆಕೆಳಗು ಮಾಡಿ, ಬೇರು ಆಕಾಶ ನೋಡುವ ಹಾಗೆ ಇಡಬೇಕು. ಅಡ್ಡ ಬಿಟ್ಟರೆ ತೇವಕ್ಕೆ ಮತ್ತೆ ಬೇರು ಬಿಡುತ್ತದೆ.

5. ತೆರವಾದ ಜಾಗವನ್ನು ಖಾಲಿ ಬಿಡಬಾರದು. ಅಷ್ಟಷ್ಟೇ ಜಾಗ ಕಿತ್ತು ಅಷ್ಟಕ್ಕೇ ಹುರುಳಿ ಚೆಲ್ಲಿ. ಬೇಗ ನೆಲ ಮುಚ್ಚುತ್ತದೆ, ಮೇವೂ ಸಿಗುತ್ತದೆ.

ಒಂದೂವರೆ ಎಕರೆಗೆ ನನಗೆ ನಲವತ್ತಾರು ಆಳಿನ ಕೆಲಸ ಹಿಡಿಯಿತು. ಅದರಲ್ಲಿ ಇಪ್ಪತ್ತೆಂಟು ಮನೆಯವರದು, ಹದಿನೆಂಟು ಕೂಲಿ. ಒಂದೇ ಉಸಿರಿಗೆ ಮಾಡಲಿಲ್ಲ. 2017ರಲ್ಲಿ ಅರ್ಧ ಎಕರೆ, 2018ರಲ್ಲಿ ಉಳಿದದ್ದು.

ಕಿತ್ತ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ಕೆಲಸ ಎರಡನೇ ವರ್ಷದ್ದು. ಮಣ್ಣಲ್ಲಿದ್ದ ಬೀಜ ಮಳೆ ಬಿದ್ದ ಹಾಗೆಲ್ಲ ಹುಟ್ಟುತ್ತದೆ. ಗೇಣುದ್ದ ಇರುವಾಗ ಕೈಯಲ್ಲಿ ಕಿತ್ತರೆ ಬೇರು ಸಮೇತ ಬರುತ್ತದೆ. ಮೊಳಕಾಲುದ್ದ ಆದರೆ ಪಿಕಾಸಿ ಬೇಕು. ನಾವು ಮೂರು ವರ್ಷ ಪ್ರತಿ ಮಳೆಯ ನಂತರ ಒಂದು ಸುತ್ತು ಹಾಕಿದೆವು. ಮರದ ಬುಡಗಳನ್ನು ತಪ್ಪದೆ ನೋಡಿದೆವು. 2020ರಲ್ಲಿ ಆ ಒಂದೂವರೆ ಎಕರೆಯಲ್ಲಿ ಹದಿನೇಳು ವರ್ಷದ ನಂತರ ರಾಗಿ ಬಿತ್ತಿದೆ. ಎಂಟು ಕ್ವಿಂಟಲ್ ಆಯಿತು. ದೊಡ್ಡ ಇಳುವರಿ ಏನಲ್ಲ. ಆದರೆ ಆ ರಾಗಿಯ ಮೊದಲ ಮುದ್ದೆಯನ್ನು ಅವ್ವನ ಕೈಯಿಂದಲೇ ಕಟ್ಟಿಸಿ ಉಂಡೆವು.

ಕಿತ್ತದ್ದನ್ನು ಏನು ಮಾಡುವುದು

ದಪ್ಪ ಬುಡಗಳು ಎರಡು ಬೇಸಿಗೆ ನಮ್ಮ ನೀರೊಲೆಗೆ ಸೌದೆ ಆದವು. ಕಾಯಿ ಇಲ್ಲದ ಹಸಿ ಸೊಪ್ಪನ್ನು ಗುಂಡಿಗೆ ಹಾಕಿ ಸೆಗಣಿ ನೀರು ಚಿಮುಕಿಸಿದರೆ ಗೊಬ್ಬರ ಆಗುತ್ತದೆ. ಕಾಯಿ ಇರುವುದನ್ನು ಮಾತ್ರ ಹಾಕಬೇಡಿ, ತಿಪ್ಪೆಯ ಜೊತೆ ಬೀಜವೂ ಹೊಲಕ್ಕೆ ಬರುತ್ತದೆ. ಆಲೂಗೆಡ್ಡೆ ಬೆಳೆಯುವ ಕಡೆ ಇದರ ಒಣ ಎಲೆಯನ್ನು ಕೂಡಿಟ್ಟ ಗೆಡ್ಡೆಯ ಮೇಲೆ ಹರಡುತ್ತಾರೆ. ಗೆಡ್ಡೆ ಕೊರೆಯುವ ಪತಂಗ ಹತ್ತಿರ ಬರುವುದು ಕಮ್ಮಿ.

ನಮ್ಮ ಬೆಟ್ಟದಲ್ಲೇ ಇನ್ನೊಂದು ಕೆಲಸ ನಡೆದಿದೆ. 2000ದ ನಂತರದ ವರ್ಷಗಳಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಜೊತೆ ಸೇರಿ ಲಂಟಾನದಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಬೆಳೆಸಿದರು. ಕಡ್ಡಿಯನ್ನು ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆದರೆ ಬೆತ್ತದ ಹಾಗೆ ಬಾಗುತ್ತದೆ. ನೀಲಗಿರಿಯ ಗೂಡಲೂರು ಕಡೆಯ ಆದಿವಾಸಿಗಳು ಲಂಟಾನ ಕಡ್ಡಿಯಿಂದಲೇ ಆನೆ ಗಾತ್ರದ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಬ್ರಿಟಿಷರು ತಂದ ಗಿಡ ಆನೆಯಾಗಿ ಅವರ ಊರಿಗೇ ಹೋಯಿತು.

ಇದರಿಂದ ಗಿಡ ಮುಗಿದು ಹೋಗುತ್ತದೆ ಅಂತ ಅಲ್ಲ. ಕುರ್ಚಿ ಮಾಡುವ ಕೈಗಿಂತ ಗಿಡ ಬೆಳೆಯುವ ವೇಗ ಹೆಚ್ಚು. ಆದರೆ ಕೀಳುವ ಕೂಲಿ ಸ್ವಲ್ಪವಾದರೂ ಹುಟ್ಟುತ್ತದೆ.

ಹುಳು ಬಿಟ್ಟೂ ನೋಡಿದ್ದಾರೆ, ಕಾಡು ತುಂಬಿದೆ

1916ರಿಂದ 1919ರವರೆಗೆ ವೈ. ರಾಮಚಂದ್ರ ರಾವ್ ಅನ್ನುವ ಕೀಟ ವಿಜ್ಞಾನಿ ದೇಶ ಸುತ್ತಿ ಈ ಗಿಡವನ್ನು ತಿನ್ನುವ ಹುಳುಗಳನ್ನು ಪಟ್ಟಿ ಮಾಡಿದ್ದರು. 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆಯನ್ನು ಹೊರದೇಶದಿಂದ ತರಿಸಿದರು. ಅದು ಎಲೆ ಬೆಳ್ಳಗೆ ಮಾಡುತ್ತದೆ, ಮಳೆ ಬಂದರೆ ಗಿಡ ಮತ್ತೆ ಚಿಗುರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ಇರುವ ಕಾಡುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಭಾಗಕ್ಕೆ ಲಂಟಾನ ಹಬ್ಬಿದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರಿಗೆ ಇದನ್ನು ಹೇಳಬೇಕಾಗಿಲ್ಲ, ರಸ್ತೆಯಿಂದಲೇ ಕಾಣುತ್ತದೆ.

ಸೋಲಿಗರ ಹಿರಿಯರು ಹೇಳುವುದು ಬೇರೆ. ಹಿಂದೆ ಬೇಸಿಗೆ ಶುರುವಿನಲ್ಲಿ ತರಗು ಬೆಂಕಿ ಹಾಕುತ್ತಿದ್ದೆವು, ಸಣ್ಣ ಉರಿ, ಸಸಿ ಇದ್ದಾಗಲೇ ರೋಜ ಸಾಯುತ್ತಿತ್ತು, ಹುಲ್ಲು ಬರುತ್ತಿತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಗಿ ಅದು ನಿಂತ ಮೇಲೆ ಇದು ಮೇಲೆದ್ದಿತು ಅನ್ನುತ್ತಾರೆ. ಈಗ ಆಳೆತ್ತರ ಬೆಳೆದ ಮೇಲೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಲ್ಲ, ಮರವನ್ನೇ ಸುಡುವ ಬೆಂಕಿ. ನನ್ನ ಹೊಲದಲ್ಲೇ ಅದನ್ನು ನೋಡಿದ್ದೇನೆ. ಕಾಡಿನಲ್ಲಿ ಹುಲ್ಲು ಹೋದರೆ ಆನೆ, ಕಡವೆ ಎಲ್ಲಿಗೆ ಬರುತ್ತವೆ ಅಂತ ಕಾಡಿನಂಚಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಡಿನ ಗಡಿಯೊಳಗಿನ ಗಿಡವನ್ನು ನಾವು ಇಲಾಖೆಯ ಅಪ್ಪಣೆ ಇಲ್ಲದೆ ಮುಟ್ಟುವಂತಿಲ್ಲ. ನಮ್ಮ ಬದು ಮಾತ್ರ ನಮ್ಮ ಕೈಯಲ್ಲಿದೆ.

ಕೊನೆಗೆ ನಾಲ್ಕು ಮಾತು

ಹೊರಗಿನಿಂದ ಹೊಸ ದನ ತಂದರೆ ಬರಗಾಲದಲ್ಲಿ ರೋಜ ಇರುವ ಕಡೆ ಬಿಡಬೇಡಿ. ಕುರಿಗೂ ಇದು ವಿಷವೇ. ತಿಂದ ಅನುಮಾನ ಬಂದರೆ ಮೊದಲು ನೆರಳಿಗೆ ಕಟ್ಟಿ, ಅವತ್ತೇ ಡಾಕ್ಟರನ್ನು ಕರೆಯಿರಿ. ಮಕ್ಕಳು ಹಣ್ಣು ತಿನ್ನುತ್ತವೆ, ಹಸಿರು ಕಾಯಿ ಬಾಯಿಗಿಡದಂತೆ ನೋಡಿಕೊಳ್ಳಿ. ಹೊಲ ಬೀಳು ಬಿಡಲೇಬೇಕಾದರೆ ವರ್ಷಕ್ಕೆ ಒಂದು ಸಾರಿಯಾದರೂ ನೇಗಿಲು ಆಡಿಸಿ, ಇಲ್ಲವೇ ಪಕ್ಕದವರಿಗೆ ಹುರುಳಿ ಚೆಲ್ಲಲು ಕೊಡಿ. ಒಂದು ವರ್ಷದ ಗಿಡಕ್ಕೆ ಒಂದು ಕೈ ಸಾಕು, ಆರು ವರ್ಷದ ಗಿಡಕ್ಕೆ ನಲವತ್ತಾರು ಆಳು ಬೇಕು.

ನಮ್ಮ ಬದುವಿನಲ್ಲಿ ಈಗ ಕತ್ತಾಳೆ ಮತ್ತು ಗೊಬ್ಬರದ ಗಿಡ ಹಾಕಿದ್ದೇನೆ. ಒಂದು ವಿಚಾರ ಹೇಳಲೇಬೇಕು. ರೋಜ ಕಿತ್ತಾಗ ಆ ಪೊದೆಗಳ ಒಳಗೆ ಮೂರು ಬೇವಿನ ಸಸಿ ಸಿಕ್ಕವು. ಮೇಕೆಯ ಬಾಯಿಗೆ ಸಿಗದ ಹಾಗೆ ಆ ಮುಳ್ಳೇ ಕಾದಿತ್ತು. ಈಗ ಅವು ನೆರಳು ಕೊಡುವಷ್ಟು ಆಗಿವೆ. ಹಸು ಕಟ್ಟುವುದು ಅವುಗಳ ಕೆಳಗೇ. ಹೌದು, ಕಳೆದ ವರ್ಷ ಮತ್ತೆ ಒಂದು ಹಸು ತಂದಿದ್ದೇವೆ. ಈ ಸಾರಿ ನಾಟಿಯದು, ವಿಮೆಯನ್ನೂ ಮಾಡಿಸಿದ್ದೇವೆ.

ನಿಮ್ಮ ಕಡೆ ಇದನ್ನು ಬೇರೆ ರೀತಿಯಲ್ಲಿ ಕಿತ್ತವರು ಇದ್ದರೆ, ಖರ್ಚು ಎಷ್ಟಾಯಿತು, ಎಷ್ಟು ವರ್ಷಕ್ಕೆ ಹದಕ್ಕೆ ಬಂತು ಅನ್ನುವುದನ್ನು ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಾನು ಹದಿನೇಳು ವರ್ಷ ಕಳೆದು ಕಲಿತದ್ದನ್ನು ಇನ್ನೊಬ್ಬರು ಒಂದೇ ಮಳೆಗಾಲದಲ್ಲಿ ಮಾಡಲಿ.